ಹುಳಿಯನ್ನ, ಹುಲಿಯನ್ನ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಎಲ್ಲಿಗೆ ಹೋದರೂ ನಮ್ಮ ಮಕ್ಕಳ ಕನ್ನಡದ ಬಗ್ಗೆ ಒಂದೇ ದೂರು: ‘ಳ’ ಹೊರಳುವುದಿಲ್ಲ, ಒತ್ತಕ್ಷರ ನಿಲ್ಲುವುದಿಲ್ಲ. ಹುಳಿಯನ್ನ ‘ಹುಲಿಯನ್ನ’ವಾಗುತ್ತದೆ, ಕತ್ತೆ ‘ಕತೆ’ಯಾಗುತ್ತದೆ, ಕನ್ನಡವೇ ‘ಖನ್ನಡ’ವಾಗುತ್ತದೆ! ಇಂಗ್ಲಿಷಿನಲ್ಲಿ ನಮ್ಮ ‘ಳ’ಕಾರವಿಲ್ಲ, ಪದದ ಮೊದಲಲ್ಲಿ ಬರುವ ‘ಕ’, ‘ಪ’ಗಳಿಗೆ ತಾನಾಗಿಯೇ ಉಸಿರು ಸೇರುತ್ತದೆ. ಮಕ್ಕಳ ತಪ್ಪೇನಿಲ್ಲ. ಆದರೂ ಭಾಷೆ ಕೆಟ್ಟಿತೆಂದು ಕೊರಗುವ ಮುನ್ನ, ಕನ್ನಡದ ನಾಲಿಗೆಯೇ ಹಿಂದೆ ಏನೇನು ಬಿಟ್ಟುಕೊಟ್ಟಿದೆಯೆಂದು ನೋಡುವುದು ಒಳ್ಳೆಯದು.

೯೪೧ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪನಿಗೆ ಹಾಲು ‘ಪಾಲ್’, ಹುಲಿ ‘ಪುಲಿ’, ಹೂವು ‘ಪೂ’. ತಮಿಳರು ಇಂದಿಗೂ ‘ಪಾಲ್’ ಕುಡಿಯುತ್ತಾರೆ, ತುಳುವರು ‘ಪೂ’ ಮುಡಿಯುತ್ತಾರೆ. ಕನ್ನಡದಲ್ಲಿ ಮಾತ್ರ ಸುಮಾರು ಹತ್ತನೆಯ ಶತಮಾನದಿಂದೀಚೆಗೆ ತುಟಿ ಸಡಿಲಾಗಿ, ಪದದ ಮೊದಲಿನ ‘ಪ’ಕಾರ ‘ಹ’ಕಾರವಾಗುತ್ತ ಬಂತು. ಕುಮಾರವ್ಯಾಸನ ಹೊತ್ತಿಗೆ ‘ಹ’ಕಾರವೇ ಗೆದ್ದಿತ್ತು. ಮಂಡ್ಯದ ಆಡುಮಾತು ಅದನ್ನೂ ಬಿಟ್ಟು ‘ಆಲು’ ಎನ್ನುತ್ತದೆ.

‘ೞ’ದ ಕತೆ ಇನ್ನೂ ಸ್ವಾರಸ್ಯ. ಕೋಳಿ ಹಿಂದೆ ‘ಕೋೞಿ’, ಕತ್ತೆ ‘ಕೞ್ತೆ’. ೧೨೦೦ರ ಆಸುಪಾಸಿನ ಹರಿಹರ ಕವಿ ಪ್ರಾಸದಲ್ಲಿ ‘ೞ’, ‘ಳ’ಗಳ ಭೇದವೆಣಿಸಲಿಲ್ಲ. ೧೨೬೦ರ ಸುಮಾರಿಗೆ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ‘ೞ’ ಇರುವ ಪದಗಳನ್ನು ಪಟ್ಟಿಮಾಡಿಕೊಟ್ಟ. ಜನರ ನಾಲಿಗೆ ಪಟ್ಟಿಯನ್ನು ಕೇಳಲಿಲ್ಲ. ಈಗ ಆ ಅಕ್ಷರ ಶಾಸನಗಳಲ್ಲಿದೆ, ಹಳಗನ್ನಡ ಪುಸ್ತಕಗಳಲ್ಲಿದೆ, ಯೂನಿಕೋಡಿನಲ್ಲೂ ಇದೆ. ಯೂನಿಕೋಡಿನಲ್ಲಿ ಅದಕ್ಕೆ ತಪ್ಪಾಗಿ ‘ಫಾ’ ಎಂದು ನಾಮಕರಣವಾಗಿದೆ. ಒಮ್ಮೆ ಇಟ್ಟ ಹೆಸರು ಬದಲಿಸುವಂತಿಲ್ಲವೆಂಬುದು ಅಲ್ಲಿಯ ಕಟ್ಟಳೆ. ತಮಾಷೆಯೆಂದರೆ, ನಾಲಿಗೆಯನ್ನು ಎಲ್ಲೂ ತಾಗಿಸದೆ ಹಿಂದಕ್ಕೆ ಸುರುಳುವ ಅಮೆರಿಕನ್ ‘ಆರ್’ ಈ ‘ೞ’ದ ಹತ್ತಿರದ ನೆಂಟ. ಕೇಶಿರಾಜನ ಪಟ್ಟಿಯನ್ನು ನಮಗಿಂತ ನಮ್ಮ ಮಕ್ಕಳೇ ಚೆನ್ನಾಗಿ ಓದಿಯಾರು!

ಹಾಗಾದರೆ ತಿದ್ದುವುದೇ ಬೇಡವೇ? ಬೇಕು, ಮುಖ್ಯವಾಗಿ ಹಾಡುವಾಗ. ನಮ್ಮ ಹಳೆಯ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೆಯ ವ್ಯಂಜನ ಒಂದೇ ಆಗಿರಬೇಕು; ದಾಸರ ಪದಗಳಲ್ಲೂ ಈ ಪ್ರಾಸ ಹೇರಳ. ಅಲ್ಲಿ ‘ಳ’ ತಪ್ಪಿದರೆ ಕಟ್ಟೇ ಸಡಿಲ. ರಾಗ ಎಳೆಯುವುದು ಸ್ವರವಾದರೂ ಲೆಕ್ಕ ಹಿಡಿಯುವುದು ವ್ಯಂಜನ: ‘ಕತೆ’ಗೆ ಎರಡು ಮಾತ್ರೆ, ‘ಕತ್ತೆ’ಗೆ ಮೂರು. ಒತ್ತು ಬಿಟ್ಟರೆ ಅರ್ಥವೂ ಹೋಯಿತು, ತಾಳವೂ ಹೋಯಿತು.

ಆದರೆ ತಿದ್ದುಪಡಿಯ ಭಯಕ್ಕೆ ಮಗು ಬಾಯಿ ಮುಚ್ಚಬಾರದು. ಆಸ್ಟಿನ್ನಿನ ನೆರೆಯಲ್ಲೇ ನೋಡಿ. ೧೮೪೫ರಲ್ಲಿ ನ್ಯೂ ಬ್ರೌನ್‌ಫೆಲ್ಸ್, ೧೮೪೬ರಲ್ಲಿ ಫ್ರೆಡರಿಕ್ಸ್‌ಬರ್ಗ್ ಕಟ್ಟಿದ ಜರ್ಮನ್ ವಲಸೆಗಾರರ ನುಡಿ ಉಚ್ಚಾರ ಬದಲಾಯಿಸಿಕೊಂಡು, ಇಂಗ್ಲಿಷ್ ಪದಗಳನ್ನು ಬೆರೆಸಿಕೊಂಡು ನೂರು ವರ್ಷ ಚೆನ್ನಾಗಿಯೇ ಬಾಳಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಶಾಲೆಗಳಿಂದ ಜರ್ಮನ್ ಹೊರಬಿತ್ತು. ಎರಡನೆಯದರ ನಂತರ ತಾಯ್ತಂದೆಯರೂ ಮಕ್ಕಳೊಡನೆ ಅದನ್ನಾಡುವುದನ್ನು ಬಿಟ್ಟರು. ಟೆಕ್ಸಸ್ ವಿಶ್ವವಿದ್ಯಾಲಯದ ಹಾನ್ಸ್ ಬೋವಾಸ್ ೨೦೦೧ರಿಂದ ಅದರ ಕೊನೆಯ ತಲೆಮಾರಿನ ದನಿಗಳನ್ನು ಮುದ್ರಿಸಿಕೊಳ್ಳುತ್ತ ಬಂದಿದ್ದಾರೆ.

‘ಪ’ ಹೋದರೂ, ‘ೞ’ ಹೋದರೂ ಕನ್ನಡ ಬದುಕಿತು, ಮನೆಯಲ್ಲಿ ಆಡುವವರಿದ್ದರು. ಹಾಡು ಕಲಿಸುವಾಗ ‘ಳ’ ತಿದ್ದೋಣ, ಒತ್ತಿಗೆ ತಾಳ ತಟ್ಟೋಣ. ಊಟದ ಹೊತ್ತಿಗೆ ಮಗು ‘ಹುಲಿಯನ್ನ’ ಕೇಳಿದರೆ ಮಾತ್ರ, ಕನ್ನಡದಲ್ಲೇ ಮಾತಾಡುತ್ತ ಬಡಿಸಿಬಿಡೋಣ.