ವಾಲ್ಟ್ ಡಿಸ್ನಿ ಕಂಪನಿ

ಅಮೆರಿಕದ ಬೃಹತ್ ಮನರಂಜನಾ ಸಂಸ್ಥೆ. ವಾಲ್ಟ್ ಮತ್ತು ರಾಯ್ ಡಿಸ್ನಿ ಸೋದರರು 1923ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇದನ್ನು ಅನಿಮೇಷನ್ ಸ್ಟುಡಿಯೋ ಆಗಿ ಆರಂಭಿಸಿದರು. ಅವರು ರೂಪಿಸಿದ ಆಸ್ವಾಲ್ಡ್ ಎಂಬ ಮೊಲದ ಪಾತ್ರದ ಹಕ್ಕು ಯೂನಿವರ್ಸಲ್ ಕಂಪನಿಯ ಬಳಿ ಇದ್ದುದರಿಂದ 1928ರಲ್ಲಿ ಅದು ಕೈತಪ್ಪಿತು. ಅದೇ ವರ್ಷ ತೆರೆಗೆ ಬಂದ ಮಿಕ್ಕಿ ಮೌಸ್‌ನಿಂದ ಮೊದಲ್ಗೊಂಡು ಪಾತ್ರಗಳ ಒಡೆತನವನ್ನು ಬಿಟ್ಟುಕೊಡದಿರುವುದೇ ಸಂಸ್ಥೆಯ ವ್ಯವಹಾರದ ತಳಹದಿ. ಒಂದೇ ಪಾತ್ರ ಸಿನಿಮಾ, ಪುಸ್ತಕ, ಆಟಿಕೆ, ಉಡುಪುಗಳಲ್ಲೆಲ್ಲ ಆದಾಯ ತರುತ್ತದೆ.

ಒಂದರಿಂದ ಇನ್ನೊಂದಕ್ಕೆ ಲಾಭ ಪಡೆಯುವ ಈ ಜಾಣ್ಮೆ ಎದ್ದು ಕಾಣುವುದು 1955ರ ಮನರಂಜನಾ ಉದ್ಯಾನ ಡಿಸ್ನಿಲ್ಯಾಂಡ್‌ನಲ್ಲಿ. ಉದ್ಯಾನಕ್ಕೆ ಎಬಿಸಿ ಟೆಲಿವಿಷನ್ ಜಾಲ ಹಣ ಹೂಡಿತು. ಪ್ರತಿಯಾಗಿ ಡಿಸ್ನಿ ಕೊಟ್ಟ ವಾರದ ಕಾರ್ಯಕ್ರಮವೇ ಉದ್ಯಾನಕ್ಕೆ ಪ್ರಚಾರವೂ ಆಯಿತು. 1966ರಲ್ಲಿ ವಾಲ್ಟ್ ನಿಧನರಾದ ಮೇಲೆ ಚಿತ್ರ ವಿಭಾಗ ಸೊರಗಿತು. 1984ರಲ್ಲಿ ಮುಖ್ಯಸ್ಥರಾಗಿ ಬಂದ ಮೈಕಲ್ ಐಸ್ನರ್ ಅದು ಚೇತರಿಸಿಕೊಳ್ಳುವಂತೆ ಮಾಡಿದರು. 1996ರಲ್ಲಿ ಎಬಿಸಿಯೇ ಡಿಸ್ನಿಯ ವಶವಾಯಿತು.

ಐಸ್ನರ್ ನಂತರ ಮುಖ್ಯಸ್ಥರಾದ ಬಾಬ್ ಐಗರ್ ಕಾಲದ ಬೆಳವಣಿಗೆ ಮುಖ್ಯವಾಗಿ ಖರೀದಿಗಳದು: ಪಿಕ್ಸಾರ್ (2006), ಮಾರ್ವೆಲ್ (2009), ಲೂಕಾಸ್‌ಫಿಲ್ಮ್ (2012), ಸುಮಾರು 7,100 ಕೋಟಿ ಡಾಲರಿಗೆ ಫಾಕ್ಸ್‌ನ ಬಹುಭಾಗ (2019). ಫಾಕ್ಸ್ ಜೊತೆಗೆ ಸ್ಟಾರ್ ಇಂಡಿಯಾವೂ ಅದರ ಕನ್ನಡ ವಾಹಿನಿ ಸ್ಟಾರ್ ಸುವರ್ಣವೂ ಡಿಸ್ನಿಗೆ ಸೇರಿದವು. 2024ರಲ್ಲಿ ಈ ಭಾರತೀಯ ವಹಿವಾಟು ರಿಲಯನ್ಸ್ ಹಿಡಿತದ ಜಿಯೋಸ್ಟಾರ್‌ನಲ್ಲಿ ವಿಲೀನವಾಯಿತು.