ಹುರಿದುಂಬಿಸುವ ಹಾಡು, ಮನ ಕರಗಿಸುವ ಹಾಡು

ಕೇಳುವವರ ಮನಸ್ಸನ್ನು ಮೇಲೆತ್ತುವ ಭಾಷಣಕ್ಕೂ ಸಂಗೀತಕ್ಕೂ ಆಂಗ್ಲ ಭಾಷೆಯಲ್ಲಿ ‘ಸ್ಟರಿಂಗ್’ ಎಂಬ ಒಂದೇ ವಿಶೇಷಣ ಸಲ್ಲುತ್ತದೆ. ಅದರ ಮೂಲಾರ್ಥ ಕಲಕುವುದು. ಅದನ್ನು ಅಕ್ಷರಶಃ ತಂದು ‘ಮನಸ್ಸನ್ನು ಕಲಕಿದ ಭಾಷಣ’ ಎಂದು ಬರೆದರೆ ಅರ್ಥವೇ ತಿರುಗಿಬೀಳುತ್ತದೆ; ಕಲಕಿದ ಮನಸ್ಸೆಂದರೆ ನಮ್ಮವರಿಗೆ ನೆಮ್ಮದಿಗೆಟ್ಟ ಮನಸ್ಸು. ಕನ್ನಡವು ಇಂಥಲ್ಲಿ ಎರಡು ಬೇರೆ ಮಾತುಗಳನ್ನು ಇರಿಸಿಕೊಂಡಿದೆ: ಒಂದು ಹುರಿದುಂಬಿಸುವುದು, ಇನ್ನೊಂದು ಮನ ಕರಗಿಸುವುದು. ಹುರಿಯೆಂದರೆ ಹೊಸೆದ ಹಗ್ಗದ ಬಿಗಿ. ಸಡಿಲವಾದ ಮನಸ್ಸಿಗೆ ಅದನ್ನು ತುಂಬುವುದೇ ಹುರಿದುಂಬಿಸುವುದು.

ಈ ಭೇದವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ತೊರಪಲ್ಲಿ ಅಗ್ರಹಾರದಲ್ಲಿ 1878ರ ಡಿಸೆಂಬರ್ 10ರಂದು ಜನಿಸಿ, ಹೊಸೂರಿನಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ವಿದ್ಯಾಭ್ಯಾಸ ಮಾಡಿದ ಚಕ್ರವರ್ತಿ ರಾಜಗೋಪಾಲಾಚಾರ್ಯರ ಬಾಳಿನಲ್ಲಿ ಎರಡೂ ಬಗೆಯ ಹಾಡುಗಳಿವೆ. 1930ರ ಏಪ್ರಿಲ್ 13ರಂದು ಅವರು ಸುಮಾರು ನೂರು ಮಂದಿ ಸ್ವಯಂಸೇವಕರೊಡನೆ ತಿರುಚಿನಾಪಳ್ಳಿಯಿಂದ ವೇದಾರಣ್ಯದ ಕಡಲತೀರಕ್ಕೆ ಉಪ್ಪಿನ ಸತ್ಯಾಗ್ರಹಕ್ಕಾಗಿ ಹೊರಟರು. ದಾರಿ 150 ಮೈಲಿ, ಮುಂದೆ ಸೆರೆಮನೆ. ಆ ಯಾತ್ರೆಗೆಂದೇ ನಾಮಕ್ಕಲ್ ರಾಮಲಿಂಗಂ ಪಿಳ್ಳೆಯವರು ಅಹಿಂಸಾ ಸಮರಕ್ಕೆ ಕರೆಯುವ ತಮಿಳು ಗೀತೆಯನ್ನು ರಚಿಸಿಕೊಟ್ಟರು. ದಣಿದ ಕಾಲುಗಳನ್ನು ಮುಂದಕ್ಕೆ ನಡೆಸುವ ಅಂಥ ಹಾಡೇ ಹುರಿದುಂಬಿಸುವ ಹಾಡು.

ಇದಾಗಿ ಮೂವತ್ತಾರು ವರ್ಷಗಳ ಮೇಲೆ, 1966ರ ಅಕ್ಟೋಬರ್‌ನಲ್ಲಿ, ವಿಶ್ವಸಂಸ್ಥೆಯ ಸಭಾಂಗಣದಲ್ಲಿ ಶ್ರೀಮತಿ ಎಂ. ಎಸ್. ಸುಬ್ಬುಲಕ್ಷ್ಮಿಯವರು ರಾಜಾಜಿಯವರೇ ಆಂಗ್ಲದಲ್ಲಿ ಬರೆದ ಪ್ರಾರ್ಥನೆಯೊಂದನ್ನು ಹಾಡಿದರು. ದ್ವೇಷವಳಿದು ರಾಷ್ಟ್ರಗಳು ಒಂದಾಗಲೆಂದು ಬೇಡುವ ಆ ಗೀತೆ ಯಾರನ್ನೂ ಹೋರಾಟಕ್ಕೆ ಎಬ್ಬಿಸುವುದಿಲ್ಲ. ಹಗೆಯಿಂದ ಗಟ್ಟಿಯಾದ ಮನಸ್ಸನ್ನು ಕರಗಿಸುತ್ತದೆ.

ಕನ್ನಡಿಗರ ಪಾಲಿಗೆ ಹುರಿದುಂಬಿಸುವ ಗೀತೆಯೆಂದೊಡನೆ ನೆನಪಾಗುವುದು, 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿದ ಹುಯಿಲಗೋಳ ನಾರಾಯಣರಾಯರ ನಾಡಗೀತೆ. ಅದರ ಹಾರೈಕೆ 1956ರ ನವೆಂಬರ್ 1ರಂದು ಫಲಿಸಿತು. ಆದರೆ ಹೊಸೂರು ಸೀಮೆ ಅಂದು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಆದ್ದರಿಂದ ಗಡಿಯ ಈಚೆಗಿರುವ ನಮಗೆ ಅದೊಂದೇ ಗೀತೆ ಹುರಿಯನ್ನೂ ತುಂಬುತ್ತದೆ, ಮನಸ್ಸನ್ನೂ ಕರಗಿಸುತ್ತದೆ.

ರಾಜ್ಯದ ಎಲ್ಲೆಯನ್ನು ಗೆರೆಯೆಳೆದು ಗೊತ್ತುಮಾಡಬಹುದು; ನುಡಿಯ ಎಲ್ಲೆ ಮನೆಮಾತಿನಲ್ಲಿದೆ. ಸಭೆಯಿಂದ ಹಿಂದಿರುಗಿದ ಮಕ್ಕಳು ಎಲ್ಲಕ್ಕೂ ‘ಸ್ಟರಿಂಗ್’ ಎಂದು ಸುಮ್ಮನಾದರೆ, ಹುರಿದುಂಬಿತೋ ಮನ ಕರಗಿತೋ ಎಂದು ತಾಯ್ತಂದೆಯರು ಕೇಳಲಿ. ಅದಕ್ಕೆ ಉತ್ತರವನ್ನು ಹುಡುಕುವ ಮಗು ತನ್ನ ನುಡಿಯನ್ನೂ ಅರಿಯುತ್ತದೆ, ತನ್ನ ಮನಸ್ಸನ್ನೂ ಅರಿಯುತ್ತದೆ.