ಆಲದ ಸಸಿ ನೆಟ್ಟರೆ ಸಾಲದು, ಮೂರು ಬೇಸಿಗೆ ಕಾಯಬೇಕು
ಮಾಗಡಿ ತಾಲ್ಲೂಕಿನ ಹುಲಿಕಲ್-ಕುದೂರು ರಸ್ತೆಯ ಆಲದ ಸಾಲು ತಾನಾಗಿ ಬೆಳೆದದ್ದಲ್ಲ. ಸಾಲುಮರದ ತಿಮ್ಮಕ್ಕ, ಚಿಕ್ಕಯ್ಯ ದಂಪತಿ ಮೊದಲ ವರ್ಷ ನೆಟ್ಟಿದ್ದು 10 ಸಸಿ ಅಷ್ಟೇ. ಬಿಂದಿಗೆಯಲ್ಲಿ ನೀರು ಹೊತ್ತು, ದನ ಬಾಯಿ ಹಾಕದಂತೆ ಮುಳ್ಳುಬೇಲಿ ಕಟ್ಟಿ ಉಳಿಸಿಕೊಂಡರು.

ಜಾಗ: ಗೋಮಾಳ, ಗುಂಡುತೋಪು ಸರಿ. ಮನೆ, ಬಾವಿ, ಕರೆಂಟ್ ತಂತಿ ಹತ್ತಿರ ಬೇಡವೇ ಬೇಡ; ಬೇರು ಗೋಡೆಯನ್ನೇ ಸೀಳುತ್ತೆ.

ಸಮಯ: ಮುಂಗಾರು ಚೆನ್ನಾಗಿ ಹಿಡಿದ ಮೇಲೆ, ಆಳೆತ್ತರದ ಸಸಿ ನೆಡಿ.

ಆರೈಕೆ: ಮೊದಲ ಮೂರು ಬೇಸಿಗೆ ನೀರು, ಬೇಲಿ ತಪ್ಪಿಸಬೇಡಿ. ಸಸಿ ಒಣಗೋದು ಆಗಲೇ.

ಬಿಳಲು: ಅಡ್ಡ ಅಂತ ಕಡಿಯಬೇಡಿ. ನೆಲ ಮುಟ್ಟಿದ ಬಿಳಲೇ ಮರಕ್ಕೆ ಕಂಬ. ಬೆಂಗಳೂರು ಬಳಿಯ ಕೇತೋಹಳ್ಳಿಯ ದೊಡ್ಡ ಆಲದ ಮರದ ಮೂಲ ಕಾಂಡ ರೋಗಕ್ಕೆ ಹೋಗಿದೆ. ಸುಮಾರು 3 ಎಕರೆ ನೆರಳನ್ನು ಇವತ್ತು ಹೊತ್ತಿರುವುದು ಬಿಳಲುಗಳೇ.